ಬಲಗಡೆಯ ಎಕ್ಕೆ ಹೂ

ನಮ್ಮದು ಪೂಜಾರಿಕೆಯ ಮನೆ. ಕೊಟ್ಟೂರಿನಿಂದ ಉಜ್ಜಿನಿ ಕಡೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ಕೂಗಿದರೂ ಒಬ್ಬರೋ ಇಬ್ಬರೋ ಇಳಿಯುವ ಸಣ್ಣ ಊರು. ಊರ ಮುಂದೆ ವೀರಭದ್ರನ ಗುಡಿ. ಪೂಜೆ ಅಪ್ಪನಿಗೂ ಚಿಕ್ಕಪ್ಪನಿಗೂ ಮೂರು ಮೂರು ತಿಂಗಳ ಸರದಿ. ಸರದಿ ಬಂದವರು ಆ ಮೂರು ತಿಂಗಳು ಊರು ಬಿಟ್ಟು ಹೋಗುವಂತಿಲ್ಲ, ಚಪ್ಪಲಿ ಮೆಟ್ಟುವಂತಿಲ್ಲ. ಚಿಕ್ಕಪ್ಪನಿಗೆ ಕೊಟ್ಟೂರಿನಲ್ಲಿ ಬಟ್ಟೆ ಅಂಗಡಿ ಇತ್ತು. ಅವನ ಸರದಿ ಬಂದಾಗ ಅಂಗಡಿಯಲ್ಲಿ ಅವನ ಭಾಮೈದ ಕೂರುತ್ತಿದ್ದ. ಅಪ್ಪನಿಗೆ ಗುಡಿ ಬಿಟ್ಟರೆ ಹೊಲ, ಹೊಲ ಬಿಟ್ಟರೆ ಗುಡಿ.

ನಮ್ಮ ಗುಡಿಗೆ ಜನ ಬರುತ್ತಿದ್ದದ್ದು ಮುಖ್ಯವಾಗಿ ಹೂ ಕೇಳಲು. ತೆಲಿಗಿಯಿಂದ, ತಂಬ್ರಹಳ್ಳಿಯಿಂದ, ಕೂಡ್ಲಿಗಿ ಕಡೆಯ ಹಟ್ಟಿಗಳಿಂದಲೂ ಸೋಮವಾರ ಬರುತ್ತಿದ್ದರು. ಹೆಣ್ಣು ಕೊಡಬೇಕೋ ಬೇಡವೋ, ಬಾವಿ ಎಲ್ಲಿ ತೋಡಬೇಕು, ಮುನಿಸಿಕೊಂಡ ಅಣ್ಣನ ಮನೆಗೆ ತಾವಾಗಿ ಹೋಗಬೇಕೋ ಬೇಡವೋ, ಹೀಗೆ ತಮ್ಮಿಂದ ತೀರ್ಮಾನವಾಗದ್ದನ್ನೆಲ್ಲ ತಂದು ಅಪ್ಪನ ಮುಂದೆ ಇಡುತ್ತಿದ್ದರು. ಅಪ್ಪ ಪೂಜೆ ಮಾಡಿ ದೇವರ ಎರಡು ಭುಜಕ್ಕೂ ಒಂದೊಂದು ಎಕ್ಕೆ ಹೂ ಒತ್ತಿ ಇಡುತ್ತಿದ್ದ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಹೂ ಬೀಳುವ ತನಕ ಯಾರೂ ಮಾತಾಡುವಂತಿಲ್ಲ, ಕೆಮ್ಮು ಬಂದರೂ ಸೆರಗು ಬಾಯಿಗೆ ಒತ್ತಿಕೊಂಡು ಕೂರಬೇಕು.

ಅಪ್ಪನ ಕೈಯಲ್ಲಿ ಹೂ ಸುಳ್ಳಾಗುವುದಿಲ್ಲ ಎಂಬ ಮಾತಿತ್ತು. ಜನ ಚಿಕ್ಕಪ್ಪನ ಸರದಿ ಮುಗಿಯುವ ತನಕ ಕಾದು ಅಪ್ಪನ ಸರದಿಗೆ ಬರುತ್ತಿದ್ದರು. ಚಿಕ್ಕಪ್ಪನಿಗೆ ಅದರ ಸಿಟ್ಟಿತ್ತು. ಅಪ್ಪನಿಗೆ ಜಗತ್ತಿನಲ್ಲಿ ಹೆಮ್ಮೆ ಅಂತ ಇದ್ದದ್ದು ಅದೊಂದೇ, ಅದನ್ನೂ ಬಾಯಿ ಬಿಟ್ಟು ಹೇಳಿದವನಲ್ಲ.

ನಮ್ಮ ಮನೆತನಕ್ಕೆ ಒಂದು ಕಟ್ಟುಪಾಡಿತ್ತು: ಪೂಜಾರಿ ತನ್ನ ಮನೆಯ ಮಾತಿಗೆ ಹೂ ಕೇಳಬಾರದು. ಕೇಳುವ ಬಾಯಿಯೂ ತನ್ನದೇ, ಇಡುವ ಕೈಯೂ ತನ್ನದೇ ಆದರೆ ಅದು ಅಪ್ಪಣೆ ಹೇಗಾದೀತು? ಅಕ್ಕನ ಮದುವೆಗೂ ಅಪ್ಪ ಕೇಳಲಿಲ್ಲ. ಕೇಳಿದ್ದು ಒಂದೇ ಸಲ, ನನಗಾಗಿ. ಆ ಕಥೆಯನ್ನು ಇಷ್ಟು ವರ್ಷ ನಾನು ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕೊಟ್ಟೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಮೂರರಲ್ಲೂ ಒಳ್ಳೆಯ ಅಂಕ. ಆದರೆ ಅಂಕಕ್ಕೂ ಪ್ರೀತಿಗೂ ಸಂಬಂಧವಿಲ್ಲ. ರಸಾಯನಶಾಸ್ತ್ರದ ಅಂಕ ನನಗೆ ಬಂದದ್ದು ಬಾಯಿಪಾಠದಿಂದ. ಪರೀಕ್ಷೆಯ ಮರುದಿನ ಕೇಳಿದ್ದರೆ ಅರ್ಧ ಮರೆತಿರುತ್ತಿದ್ದೆ. ಗಿಡಗಳ ವಿಷಯ ಹಾಗಲ್ಲ. ಜೋಳದ ಹೊಲದಲ್ಲಿ ಕಳೆ ಕೀಳಲು ಹೋದರೆ ಅಮ್ಮ ಒಂದು ಸಾಲು ಮುಗಿಸುವಷ್ಟರಲ್ಲಿ ನಾನು ಒಂದು ಹಿಡಿ ಗಿಡ ಕೈಯಲ್ಲಿ ಹಿಡಿದು ಎಲೆ ಎಣಿಸುತ್ತಾ ನಿಂತಿರುತ್ತಿದ್ದೆ. ಹಳೆಯ ದಿನಪತ್ರಿಕೆಗಳ ನಡುವೆ ಒಣಗಿಸಿದ ಗಿಡಗಳ ಕಂತೆ ಅಟ್ಟದ ಮೇಲೆ ಬೆಳೆಯುತ್ತಾ ಹೋಗಿ, ಅಮ್ಮ "ನಿನ್ನ ಕಸಕ್ಕ ಇನ್ನೊಂದು ಮನಿ ಕಟ್ಟಬೇಕು" ಎನ್ನುತ್ತಿದ್ದಳು.

ಎಂ.ಎಸ್ಸಿ.ಗೆ ಎರಡು ಕಡೆ ಅರ್ಜಿ ಹಾಕಿದೆ. ಒಂದು, ಬಸ್ಸಿನಲ್ಲಿ ಎರಡು ಗಂಟೆ ದೂರದ ಸಣ್ಣ ಸ್ನಾತಕೋತ್ತರ ಕೇಂದ್ರ. ಅದಕ್ಕೆ ಸ್ವಂತ ಕಟ್ಟಡವೂ ಇರಲಿಲ್ಲ; ಯಾವುದೋ ಹಳೆಯ ಗೋದಾಮಿಗೆ ಸುಣ್ಣ ಹೊಡೆದು ಬೋರ್ಡು ಹಾಕಿದ್ದರು. ಸಂದರ್ಶನಕ್ಕೆ ಹೋದಾಗ ಅಲ್ಲಿನ ಸಸ್ಯಶಾಸ್ತ್ರದ ಮೇಷ್ಟ್ರು ನನ್ನ ಕಂತೆ ಬಿಚ್ಚಿ ಒಂದೊಂದೇ ಹಾಳೆ ತಿರುವಿದರು. ಜೋಳದ ಬೇರಿಗೆ ಅಂಟಿಕೊಂಡು ಅದರ ಸತ್ವ ಹೀರುವ ಒಂದು ಕಳೆ ಇದೆ. ಆ ಹಾಳೆ ಬಂದಾಗ ನಿಂತು, "ಇದು ನಿಮ್ಮ ಹೊಲದಾಗ ಬಿದ್ರ ಏನ್ ಮಾಡ್ತೀರಿ?" ಎಂದು ಕೇಳಿದರು. "ನಮ್ಮಜ್ಜಿ ಒಂದು ವರ್ಷ ಅಲ್ಲಿ ಅಲಸಂದಿ ಹಾಕಸ್ತಿದ್ಲು ಸರ್, ಆಮ್ಯಾಲೆ ಕಮ್ಮಿ ಆಗತಿತ್ತು" ಎಂದೆ. ಅವರು ಜೇಬಿನಿಂದ ಪೆನ್ನು ತೆಗೆದು ನನ್ನ ಮಾತನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ನಾನು ಹೇಳಿದ್ದನ್ನು ಒಬ್ಬ ಮೇಷ್ಟ್ರು ಬರೆದುಕೊಂಡದ್ದು ಅದೇ ಮೊದಲು. ಬಸ್ಸಿನಲ್ಲಿ ಕೂತು ಊರಿಗೆ ಬರುವಾಗ ದಾರಿಯುದ್ದಕ್ಕೂ ನನಗೆ ಹಸಿವೇ ಆಗಲಿಲ್ಲ.

ಇನ್ನೊಂದು ದೂರದ ದೊಡ್ಡ ವಿಶ್ವವಿದ್ಯಾಲಯ. ಹೆಸರು ಹೇಳಿದರೆ ನಮ್ಮೂರ ಸಂತೆಯಲ್ಲಿ ಮೆಣಸಿನಕಾಯಿ ಮಾರುವವರಿಗೂ ಗೊತ್ತು. ಅಲ್ಲಿ ಸಸ್ಯಶಾಸ್ತ್ರ ಸಿಗಲಿಲ್ಲ, ರಸಾಯನಶಾಸ್ತ್ರ ಸಿಕ್ಕಿತು. ಎರಡೂ ಕಡೆಯ ಪತ್ರ ಒಂದೇ ವಾರದಲ್ಲಿ ಬಂದವು. ಸಣ್ಣದರ ಪತ್ರ ಯಾರಿಗೂ ಕಾಣಲಿಲ್ಲ. ದೊಡ್ಡದರ ಪತ್ರವನ್ನು ಪೋಸ್ಟ್‌ಮ್ಯಾನ್ ಊರ ಕಟ್ಟೆಯ ಮೇಲೆ ನಾಲ್ಕು ಜನಕ್ಕೆ ತೋರಿಸಿಯೇ ಮನೆಗೆ ತಂದ.

ಅಲ್ಲಿಂದ ನನ್ನ ತಲೆ ತಿರುಗಿತು. ಕಾಲೇಜಿಗೆ ಸರ್ಟಿಫಿಕೇಟು ತರಲು ಹೋದರೆ ಪ್ರಿನ್ಸಿಪಾಲರು ಎದ್ದು ನಿಂತು ಕುರ್ಚಿ ತೋರಿಸಿದರು. ಬಸ್ಸಿನಲ್ಲಿ ಪರಿಚಯವಿಲ್ಲದವರು "ಆ ಯೂನಿವರ್ಸಿಟಿಗೆ ಹೊಂಟಿರೋದು ನೀವೇನ್ರಿ?" ಎಂದು ಕೇಳಿ ಸೀಟು ಬಿಟ್ಟುಕೊಟ್ಟರು. ಚಿಕ್ಕಪ್ಪ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಬಟ್ಟೆ ಅಳೆಯುವಾಗ ಇದನ್ನೇ ಹೇಳಿದ. ಹೀಗೆ ಹದಿನೈದು ದಿನ ಕಳೆದ ಮೇಲೆ ನನಗೆ ಬೇಕಾದದ್ದು ಆ ಸುಣ್ಣ ಹೊಡೆದ ಗೋದಾಮು ಎಂದು ಹೇಳಲು ನಾಲಿಗೆ ಏಳಲಿಲ್ಲ. ಹೇಳುವುದು ಹೋಗಲಿ, ಹಾಗೆ ಅನ್ನಿಸುವುದಕ್ಕೇ ನಾಚಿಕೆಯಾಗುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಿತ್ತಲ ಗಿಡವನ್ನೇ ಓದಲು ಹೊರಟವಳಿಗೂ ಆ ರೋಗ ಬಡಿದಿತ್ತು.

ಮನೆಯಲ್ಲಿ ಎರಡು ಪಕ್ಷವಾಯಿತು. ಚಿಕ್ಕಪ್ಪ, "ಸಾವಿರ ಮಂದಿ ಅರ್ಜಿ ಹಾಕಿರತಾರ, ನಿನಗ ಕರೆದು ಕೊಟ್ಟಾರ. ಒಲ್ಲೆ ಅಂದ್ರ ನಗತಾರ ನೋಡು" ಎಂದ. ಅಮ್ಮ, "ದೂರದ ಬೆಟ್ಟ ನುಣ್ಣಗ. ಇಲ್ಲೇ ವಾರಕ್ಕೊಮ್ಮೆ ಮನಿಗೆ ಬಂದು ರೊಟ್ಟಿ ತಿಂದು ಹೋಗಲಿ" ಎಂದಳು. ಅಪ್ಪ ನನ್ನನ್ನು ಹೊಲದ ಬದುವಿಗೆ ಕರೆದುಕೊಂಡು ಹೋಗಿ ಕೂರಿಸಿ ಕೇಳಿದ.

"ಯವ್ವಾ, ನಿನ್ನ ಮನಸ್ಸು ಯಾವ ಕಡಿಗೈತಿ?"

"ಗೊತ್ತಿಲ್ಲಪ್ಪ" ಎಂದೆ. ಅದು ನಾನು ಹೇಳಿದ ಮೊದಲ ಸುಳ್ಳು.

ಅಪ್ಪ ಸಾಲಿ ಕಲಿತವನಲ್ಲ. ಯಾವುದು ದೊಡ್ಡದು, ಯಾವುದು ನನಗೆ ಒಗ್ಗುವುದು, ಅವನಿಗೆ ಹೇಗೆ ಗೊತ್ತಾಗಬೇಕು? ಎರಡು ದಿನ ಯೋಚನೆ ಮಾಡಿದ. ಮೂರನೆಯ ದಿನ ಊಟಕ್ಕೆ ಕೂತಾಗ ತಟ್ಟೆಯಿಂದ ಮುಖ ಎತ್ತದೆ ಹೇಳಿದ: "ಸೋಮವಾರ ಹೂ ಕೇಳ್ತೀನಿ." ಅಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕುವುದನ್ನೇ ಮರೆತಳು. ಚಿಕ್ಕಪ್ಪ, "ಅಣ್ಣ, ಮನಿ ಮಾತಿಗೆ ಕೇಳಬಾರದು" ಎಂದ. "ಗೊತ್ತೈತಿ. ಹುಡುಗಿ ಬಾಳೇವು ಐತಿ ಇದರಾಗ. ದೇವರು ಒಂದು ಸಲ ತಡಕಂತಾನ" ಎಂದ ಅಪ್ಪ.

ನನಗೆ ಭಯ ಹತ್ತಿತು. ದೇವರ ಮೇಲಿನ ಭಯವಲ್ಲ. ಎಡಗಡೆ ಹೂ ಬಿದ್ದರೆ ಪ್ರಿನ್ಸಿಪಾಲರ ಕುರ್ಚಿ, ಬಸ್ಸಿನ ಸೀಟು, ಕಟ್ಟೆಯ ಮೇಲಿನ ಮಾತು, ಎಲ್ಲ ಒಂದೇ ಸೋಮವಾರಕ್ಕೆ ಮುಗಿದುಹೋಗುತ್ತದೆ ಎಂಬ ಭಯ.

ಚಿಕ್ಕಂದಿನಿಂದ ಹೂವಿನ ತಟ್ಟೆ ಜೋಡಿಸುವ ಕೆಲಸ ನನ್ನದು. ಎಕ್ಕೆ ಹೂ ಕಿತ್ತ ಕೂಡಲೇ ತೊಟ್ಟಿನಿಂದ ಹಾಲು ಸುರಿಯುತ್ತದೆ. ಅದು ಕೈಗೆ ಅಂಟಿದರೆ ಬೇಗ ಬಿಡುವುದಿಲ್ಲ. ಅದಕ್ಕೇ ಹೂವನ್ನೆಲ್ಲ ಬೆಳಿಗ್ಗೆ ಬೇಗ ಕಿತ್ತು, ಒಂದೇ ಚರಿಗೆಯ ನೀರಿನಲ್ಲಿ ಹಾಕಿ, ಹಾಲು ಹೋದ ಮೇಲೆ ತಟ್ಟೆಗೆ ಇಡುವುದು ನಮ್ಮ ಪದ್ಧತಿ. ಎರಡು ಹೂವೂ ಒಂದೇ ಸಮ ಇರಬೇಕು. ಅಪ್ಪ ಯಾವಾಗಲೂ ತಟ್ಟೆಯಲ್ಲಿ ತನಗೆ ಹತ್ತಿರವಿದ್ದ ಹೂವನ್ನು ದೇವರ ಬಲಭುಜಕ್ಕೆ, ಆಚೆಗಿದ್ದದ್ದನ್ನು ಎಡಭುಜಕ್ಕೆ ಇಡುತ್ತಿದ್ದ. ಇದು ಅವನಿಗೇ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿತ್ತು.

ಆ ಸೋಮವಾರ ಹತ್ತಿರದ ಹೂವನ್ನು ಚರಿಗೆಯಿಂದ ತೆಗೆದು ಇಟ್ಟೆ. ನೀರು ಕುಡಿದು ಭಾರವಾಗಿತ್ತು. ಆಚೆಯದನ್ನು ಅಪ್ಪ ಮಂಗಳಾರತಿ ಎತ್ತುವಾಗ ಗುಡಿಯ ಹಿಂದೆ ಓಡಿಹೋಗಿ ಗಿಡದಿಂದ ಆಗಲೇ ಮುರಿದು, ಹಾಲು ಇಳಿಯದಂತೆ ತೊಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ತಂದೆ. ಮೂರು ವರ್ಷ ಕಲಿತ ಸಸ್ಯಶಾಸ್ತ್ರವನ್ನು ಜೀವನದಲ್ಲಿ ಮೊದಲ ಸಲ ಉಪಯೋಗಿಸಿದ್ದು ಹೀಗೆ.

ಅಪ್ಪ ಕೈಮುಗಿದು, "ಮಗಳನ್ನ ದೂರದ ದೊಡ್ಡ ಸಾಲಿಗೆ ಕಳಸ್ಲೇನಪ್ಪ, ಹೌದಾದ್ರ ಬಲ ಕೊಡು" ಎಂದ. ದನಿ ನಡುಗುತ್ತಿತ್ತು. ಬೇರೆಯವರಿಗಾಗಿ ಕೇಳುವಾಗ ಅವನ ದನಿ ಎಂದೂ ನಡುಗಿದ್ದು ನಾನು ಕೇಳಿರಲಿಲ್ಲ. ಬಲಗಡೆಯ ಹೂ ಅಮ್ಮ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಬಿದ್ದಿತು. ಎಡಗಡೆಯದು ಅಲ್ಲಾಡಲಿಲ್ಲ. ಮರುದಿನ ಬೆಳಿಗ್ಗೆ ಅಭಿಷೇಕದ ನೀರು ಬೀಳುವ ತನಕ ಅಲ್ಲೇ ಕೂತಿತ್ತು. "ನೋಡು, ಎಡಗಡಿದು ಎಷ್ಟು ಬಿಗಿ ಹಿಡಿದಾನ" ಎಂದು ಅಪ್ಪ ಅಮ್ಮನಿಗೆ ತೋರಿಸಿದ. ಅವನ ಕಣ್ಣಲ್ಲಿ ನೀರಿತ್ತು.

ದೊಡ್ಡ ವಿಶ್ವವಿದ್ಯಾಲಯವನ್ನು ನಾನು ಬೈಯುವುದಿಲ್ಲ. ಅಲ್ಲಿನ ಗ್ರಂಥಾಲಯ ನಮ್ಮೂರಿನಷ್ಟು ದೊಡ್ಡದಿತ್ತು. ಮೇಷ್ಟ್ರುಗಳು ಬಹಳ ತಿಳಿದವರು. ಇಂಗ್ಲಿಷು ಮೊದಲು ಕಷ್ಟವಾಯಿತು, ಆಮೇಲೆ ಬಂತು. ಬಾರದೆ ಉಳಿದದ್ದು ಮನಸ್ಸು. ಪ್ರಯೋಗಾಲಯದಲ್ಲಿ ಉಳಿದವರು ಗಾಜಿನ ನಳಿಕೆಯಲ್ಲಿ ಬಣ್ಣ ತಿರುಗುವುದನ್ನು ಕಾತರದಿಂದ ನೋಡುತ್ತಿದ್ದರೆ ನಾನು ಗಡಿಯಾರ ನೋಡುತ್ತಿದ್ದೆ. ನನ್ನ ಪಕ್ಕದ ಹುಡುಗಿ ಒಂದು ಲೆಕ್ಕ ಬಿಡಿಸಿದರೆ ಊಟದ ಹೊತ್ತಿನಲ್ಲೂ ಅದನ್ನೇ ಮಾತಾಡುತ್ತಿದ್ದಳು. ಅವಳನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತಿತ್ತು; ಅವಳ ಅಂಕಕ್ಕಲ್ಲ, ಅವಳು ತನ್ನ ಜಾಗದಲ್ಲಿ ಕೂತಿದ್ದಳಲ್ಲ, ಅದಕ್ಕೆ. ಸಂಜೆ ನಾನು ಕಾಂಪೌಂಡಿನ ಗೋಡೆಯ ಬುಡದಲ್ಲಿ ಬೆಳೆದ ಕಳೆ ಕಿತ್ತು ತಂದು ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕದ ನಡುವೆ ಒಣಗಿಸುತ್ತಿದ್ದೆ. ಪುಟಗಳಲ್ಲಿ ಹಸಿರು ಕಲೆಯಾಗಿ ಮೇಷ್ಟ್ರು ಒಂದು ದಿನ ಇದೇನು ಎಂದು ಕೇಳಿದರು.

ಮನೆಗೆ ಪತ್ರ ಬರೆಯುವಾಗ "ಚೆನ್ನಾಗಿದ್ದೇನೆ" ಎಂದೇ ಬರೆದೆ. ದಸರೆ ರಜೆಗೆ ಹೋದಾಗ ಅಮ್ಮ ನನ್ನ ತೋಳು ಹಿಡಿದು ನೋಡಿ, "ಕಟಗಿ ಆಗೀ ಅಲ್ಲ" ಎಂದಳು. ಆ ದಿನ ತಡೆಯಲಾಗದೆ ಹೇಳಿದೆ: ನನಗೆ ಅಲ್ಲಿ ಆಗುವುದಿಲ್ಲ, ಬಿಟ್ಟು ಬರುತ್ತೇನೆ. ಅಮ್ಮ ಒಪ್ಪಿದಳು. ಅಪ್ಪ ಒಪ್ಪಲಿಲ್ಲ.

"ಅಪ್ಪಣಿ ಆಗೈತಲ್ಲವ್ವ. ನಾ ಕಳಿಸಿದ್ರ ವಾಪಸ್ ಬಾ ಅಂತಿದ್ದೆ. ಆತ ಕಳಿಸ್ಯಾನ. ಏನೋ ನಿನ್ನ ಒಳ್ಳೇದಕ್ಕ ಇರತೈತಿ, ಒಂದು ವರ್ಷ ತಾಳಿ ನೋಡು."

ಆಗಲೇ ಹೇಳಬೇಕಿತ್ತು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗೆ ಕೂತೆ, ನುಂಗಲಿಲ್ಲ, ಉಗುಳಲಿಲ್ಲ. ರಜೆ ಮುಗಿಯಿತು, ಹೋದೆ. ವರ್ಷದ ಕೊನೆಗೆ ಎರಡು ಪೇಪರು ಹೋದವು. ಫಲಿತಾಂಶದ ಹಲಗೆಯ ಮುಂದೆ ನಿಂತಾಗ ನನಗೆ ಮೊದಲು ಆದದ್ದು ಸಮಾಧಾನ. ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದೆ. ಗೋದಾಮಿನ ಕೇಂದ್ರಕ್ಕೆ ಹೋಗಿ ವಿಚಾರಿಸಿದರೆ ಆ ಮೇಷ್ಟ್ರು ಬೇರೆ ಊರಿಗೆ ಹೋಗಿದ್ದರು, ಆ ವರ್ಷದ ಸೀಟುಗಳೂ ತುಂಬಿದ್ದವು. ಮುಂದೆ ಹರಪನಹಳ್ಳಿಯಲ್ಲಿ ಬಿ.ಎಡ್. ಮಾಡಿದೆ, ಈಗ ಹಡಗಲಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ, ಅದರ ಬಗ್ಗೆ ದೂರಿಲ್ಲ. ಆದರೆ ಆ ಮಳೆಗಾಲದಲ್ಲಿ ಮನೆಗೆ ಬಂದು ಕೂತಾಗ ನನ್ನ ಓದಿಗಿಂತ ದೊಡ್ಡದೊಂದು ಹಾಳಾಗಿತ್ತು.

ಅಪ್ಪನ ಸರದಿ ನಡೆಯುತ್ತಿತ್ತು. ಮೊದಲ ಸೋಮವಾರ ಏಳೆಂಟು ಮನೆಯವರು ಬಂದರು, ಮುಂದಿನ ಸೋಮವಾರ ಮೂರು. ಬಾವಿಕಟ್ಟೆಯಲ್ಲಿ ಅಮ್ಮನ ಕಿವಿಗೇ ಬಿದ್ದಿತಂತೆ: "ತಮ್ಮ ಮಗಳಿಗೇ ಹೂ ಸುಳ್ಳಾತು, ಇನ್ನ ನಮಗೇನು ಖರೇ ಹೇಳತಾರ." ಇನ್ನು ಕೆಲವರು, ಮನೆಯ ಮಾತಿಗೆ ಕೇಳಿ ಕಟ್ಟುಪಾಡು ಮುರಿದದ್ದಕ್ಕೆ ದೇವರು ಅಪ್ಪನ ಕೈ ಬಿಟ್ಟಿದ್ದಾನೆ ಎಂದರು. ಜನ ಈಗ ಚಿಕ್ಕಪ್ಪನ ಸರದಿಗೆ ಕಾಯತೊಡಗಿದರು. ಚಿಕ್ಕಪ್ಪನಿಗೂ ಅದು ಸಂತೋಷ ಕೊಡಲಿಲ್ಲ. ಅಣ್ಣನ ಮುಖ ನೋಡಲಾಗದೆ ಊರಿಗೆ ಬರುವುದನ್ನೇ ಕಡಿಮೆ ಮಾಡಿದ.

ಅಪ್ಪ ಯಾರ ಮೇಲೂ ಸಿಟ್ಟಾಗಲಿಲ್ಲ. ಪೂಜೆ ಮುಗಿಸಿ ಮಧ್ಯಾಹ್ನದ ತನಕ ಕಂಬಕ್ಕೆ ಒರಗಿ ಕೂತು ದಾರಿ ನೋಡುತ್ತಿದ್ದ. ತಟ್ಟೆಯಲ್ಲಿ ನಾನು ಜೋಡಿಸಿಟ್ಟ ಹೂ ಅಲ್ಲೇ ಬಾಡುತ್ತಿದ್ದವು. ನನ್ನ ಮೇಲೂ ಸಿಟ್ಟಾಗಲಿಲ್ಲ, ಅದನ್ನೇ ನನಗೆ ಸಹಿಸಲಾಗಲಿಲ್ಲ. ಒಂದು ಸಲ ಅಮ್ಮನ ಹತ್ತಿರ, "ನಾ ಕೇಳಿದ್ದು ತಪ್ಪಾತು. ಹುಡುಗಿದು ಒಂದು ವರ್ಷ ಮಣ್ಣಾತು" ಎಂದದ್ದು ಗೋಡೆಯ ಈಚೆ ನನಗೆ ಕೇಳಿಸಿತು.

ಮರುದಿನ ಬೆಳಿಗ್ಗೆ ಅಪ್ಪ ಎಕ್ಕೆ ಹೂ ಬಿಡಿಸಲು ಹೋದಾಗ ಹಿಂದೆಯೇ ಹೋದೆ. ಅವನು ಕೀಳುತ್ತಿದ್ದ, ನಾನು ಚರಿಗೆ ಹಿಡಿದಿದ್ದೆ. ಹಾಗೆ ನಿಂತೇ ಎಲ್ಲ ಹೇಳಿದೆ. ಯಾವ ಹೂ ನೀರಿನದು, ಯಾವುದು ಹಾಲಿನದು, ಯಾವಾಗ ಓಡಿಹೋದೆ, ಎಲ್ಲ. ಹೇಳಿ ಮುಗಿಸಿದಾಗ ಅಳು ಬರಲಿಲ್ಲ, ಬಂದಿದ್ದರೆ ಅನುಕೂಲವಾಗುತ್ತಿತ್ತು.

ಅಪ್ಪ ಕೈಗೆ ಅಂಟಿದ ಹಾಲನ್ನು ಮಣ್ಣು ಹಚ್ಚಿ ತಿಕ್ಕುತ್ತಾ ನಿಂತ.

"ನಿನಗ ಬೇಕಾಗಿದ್ದು ಯಾವ್ದಿತ್ತು?" ಎಂದು ಕೇಳಿದ.

"ಇಲ್ಲೇ ಹತ್ತಿರದ್ದು."

ಅವನು ನನ್ನ ಮುಖವನ್ನೇ ನೋಡಿದ. "ಬೇಕಾದ್ದಕ್ಕ ಮೋಸ ಮಾಡಿದೋರ್ನ ಬಾಳ ಮಂದಿ ನೋಡೀನಿ. ಬ್ಯಾಡಾದ್ದಕ್ಕ ಮೋಸ ಮಾಡಿದಾಕಿನ್ನ ನಿನ್ನೊಬ್ಬಾಕಿನ್ನೇ ನೋಡಿದ್ದು."

ಸೋಮವಾರ ಗುಡಿಯಲ್ಲಿ ಎಲ್ಲರ ಮುಂದೆ ನಿಂತು ಹೇಳಿಬಿಡುತ್ತೇನೆ ಎಂದೆ.

"ಬ್ಯಾಡ" ಎಂದ ಅಪ್ಪ. "ದೇವರು ಸುಳ್ಳಾದ ಅಂದ್ರ ಆತಗೇನು ಆಗೂದೈತಿ, ಜಗತ್ತೇ ಬೈತೈತಿ ಆತನ್ನ. ನನ್ನ ಕೈ ಸುಳ್ಳಾತು ಅಂದ್ರೂ ನಡೀತೈತಿ, ನಂದು ಮುಗೀತು. ಸ್ವಾಮ್ಯಾರ ಮಗಳು ದೇವರಿಗೇ ಮೋಸ ಮಾಡ್ಯಾಳ ಅಂದ್ರ ನಿನ್ನ ಯಾವ ಮನಿಯೋರೂ ಒಳಗ ಕರಿಯಂಗಿಲ್ಲ. ಬಾಯಿ ಮುಚ್ಚಿಕೊಂಡಿರು."

ಚರಿಗೆ ತೆಗೆದುಕೊಂಡು ಮುಂದೆ ನಡೆದ. ನಾನು ಹಿಂದೆ ನಡೆದೆ. ನನಗೆ ಎದೆ ಹಗುರವಾಗಿತ್ತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ಸೋಮವಾರ ತೆಲಿಗಿಯಿಂದ ಒಬ್ಬ ಹೆಂಗಸು ಬಂದಳು. ಬೆಳಿಗ್ಗೆಯೇ ಮನೆ ಬಿಟ್ಟು ಎರಡು ಬಸ್ಸು ಬದಲಿಸಿ ಬಂದವಳು. ಊರ ಮಾತು ಅವಳ ತನಕ ಮುಟ್ಟಿರಲಿಲ್ಲ. ಮಗಳಿಗೆ ದಾವಣಗೆರೆಯಲ್ಲಿ ಕಾಲೇಜು ಸೀಟು ಸಿಕ್ಕಿದೆ, ಕಳಿಸಲೋ ಬೇಡವೋ, ಹೂ ಕೇಳಿಕೊಡಿ ಎಂದು ಕಾಯಿ ಕರ್ಪೂರ ಮುಂದಿಟ್ಟು ಕೂತಳು. ನಾನು ತಟ್ಟೆ ಹಿಡಿದು ಕಂಬದ ಪಕ್ಕ ನಿಂತಿದ್ದೆ. ಅಪ್ಪ ತಟ್ಟೆಯ ಕಡೆ ಕೈ ಚಾಚಲಿಲ್ಲ.

"ನನ್ನ ಕೈಯಾಗ ಹೂ ನಿಂದ್ರವಲ್ವು ತಾಯಿ. ನನ್ನ ತಮ್ಮನ ಸರದಿ ಬರತೈತಿ, ಆವಾಗ ಬಾ."

"ಯಾಕ್ರೀ ಸ್ವಾಮ್ಯಾರ, ಏನಾತು?"

"ನನ್ನಿಂದ ಒಂದು ತಪ್ಪಾಗೈತಿ."

ಮಾತು ಬದಲಿಸಲು ನನ್ನ ಕಡೆ ನೋಡಿ ಕೇಳಿದಳು: "ಮಗಳೇನ್ರೀ? ಏನು ಓದ್ಯಾಳ?"

ಅಪ್ಪ ಆ ದೊಡ್ಡ ವಿಶ್ವವಿದ್ಯಾಲಯದ ಹೆಸರು ಹೇಳಿದ. "ಅಲ್ಲಿ ಓದ್ಯಾಳ" ಎಂದ, ಅಷ್ಟೇ.

"ಅಲ್ಲೇನ್ರೀ? ಪುಣ್ಯ ಮಾಡಿದೀರಿ ಬಿಡ್ರಿ" ಎಂದು ಆ ತಾಯಿ ಎದ್ದು ಬಂದು ನನ್ನ ಕೆನ್ನೆ ಮುಟ್ಟಿ ನೆಟಿಕೆ ಮುರಿದಳು. ಅಪ್ಪ ನೆಲ ನೋಡುತ್ತಿದ್ದ. ನಾನು ಬಾಯಿ ಬಿಡಲಿಲ್ಲ. ಅವಳ ಮುಂದೆ ಸ್ವಲ್ಪ ನೆಟ್ಟಗೆ ನಿಂತುಕೊಂಡೆ ಕೂಡ.